ಕೊಳವೆಯ ಅಡ್ಡತೊಲೆ ಮಲೆನಾಡಿನ ರಸ್ತೆಗೆ ತಾಳೀತೇ?

ಮಲೆನಾಡಿನ ಹೊಂಗಡಹಳ್ಳದ ಕಡೆಗೆ ಹೊರಟ ಜೀಪಿನ ಮುಂದಿನ ಚಕ್ರಗಳಿಗೆ ಬಿಡುವೆಂಬುದಿಲ್ಲ. ಹೆದ್ದಾರಿಯ ಮಾತು ಬೇರೆ. ಶಿರಾಡಿ ಘಾಟಿಯನ್ನು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಸಿದರು. ಒಳದಾರಿಗೆ ಇಳಿದರೆ ಮಳೆನೀರು ಕೊರೆದ ಕೊರಕಲು, ತೋಟದ ಉಂಡೆಗಲ್ಲು, ಹೆಸರಿಗೆ ಮಾತ್ರ ಉಳಿದ ಡಾಂಬರು. ಇಂಥ ದಾರಿಯ ಪ್ರತಿ ಏಟನ್ನೂ ಚಕ್ರ ದಾಟಿಸುವುದು ಯಾರಿಗೆ? ಗಾಡಿಯ ಹೊಟ್ಟೆಯಡಿ ಎಡದಿಂದ ಬಲಕ್ಕೆ ಮಲಗಿರುವ ಅಡ್ಡತೊಲೆಗೆ, ಅಂದರೆ ಗ್ಯಾರೇಜಿನವರ ಬಾಯಲ್ಲಿ ‘ಕ್ರಾಸ್ ಮೆಂಬರ್’ಗೆ. ಕಂಪನಿ ಕೊಟ್ಟ ಭಾರದ ತೊಲೆ ಕಳಚಿ, ಹಗುರವಾದ ಕೊಳವೆಗಳನ್ನು ಬೆಸೆದು ಮಾಡಿದ್ದನ್ನು ಕೂರಿಸುವ ಆಸೆ ಈಗ ಹಲವರಿಗಿದೆ. ಅದು ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗೆ ಸ್ವಲ್ಪ ಹಿಂದಿನಿಂದಲೇ ಬರಬೇಕು.

ತೋಟದ ಹಳೆಯ ಜೀಪಿಗೆ ಈ ಚಿಂತೆಯೇ ಇರಲಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಮಹೀಂದ್ರಾ ಜೋಡಿಸತೊಡಗಿದ ವಿಲ್ಲಿಸ್ ಜೀಪಿನಲ್ಲಿ ಮುಂದೆಯೂ ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಪ್ಲೇಟುಗಳ ಕಟ್ಟು. ಗುಂಡಿಯ ಹೊಡೆತ ಪ್ಲೇಟಿನ ಮೂಲಕ ನೇರ ಚಾಸಿಸ್ಸಿನ ಉದ್ದಪಟ್ಟಿಗೆ ಹೋಗುತ್ತಿತ್ತು. ಅಡ್ಡಪಟ್ಟಿಯ ಕೆಲಸ ಎರಡು ಉದ್ದಪಟ್ಟಿಗಳನ್ನು ಹಿಡಿದಿಡುವುದಷ್ಟೇ. ಪ್ಲೇಟು ಕಟ್ಟಾದರೆ ಸಂತೆಯ ದಿನವೇ ಹೊಸದು ಹಾಕಿಸಿ ಮನೆಗೆ ಬರಬಹುದಿತ್ತು.

ಮುಂದಿನ ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಕುಣಿಯುವ ಏರ್ಪಾಡು ಬಂದಾಗ ಲೆಕ್ಕ ತಲೆಕೆಳಗಾಯಿತು. ಅಮೆರಿಕದ ಜನರಲ್ ಮೋಟಾರ್ಸ್ ಅದನ್ನು 1934ರ ಕಾರುಗಳಿಗೆ ತಂದಿತು. ನಮ್ಮಲ್ಲಿ ಫಿಯೆಟ್ 1100 ಮತ್ತು ಅದರ ಮುಂದುವರಿಕೆಯಾದ ಪದ್ಮಿನಿ ಇದೇ ಜಾತಿಯವು. ಚಕ್ರವನ್ನು ಹಿಡಿಯುವ ತೋಳುಗಳ ಬುಡ ಅಡ್ಡತೊಲೆಗೇ ಬಂದು ಕೂತಿತು. ಬ್ರೇಕ್ ಹಾಕಿದಾಗಿನ ಎಳೆತ, ತಿರುವಿನ ಒತ್ತಡ, ಗುಂಡಿಯ ಗುದ್ದು, ಎಷ್ಟೋ ಗಾಡಿಗಳಲ್ಲಿ ಎಂಜಿನ್ನಿನ ಭಾರವೂ ಅದರ ಹೆಗಲಿಗೇ ಬಿತ್ತು. ತಯಾರಕರು ಅದನ್ನು ದಪ್ಪ ತಗಡು ಒತ್ತಿ, ಪೆಟ್ಟಿಗೆಯಂತೆ ಮಡಚಿ, ಬೇಕಾದ್ದಕ್ಕಿಂತ ಹೆಚ್ಚೇ ಉಕ್ಕು ಸುರಿದು ಮಾಡಿದರು. ನೋಡಲು ಒರಟು. ಆ ಹೆಚ್ಚಿನ ಉಕ್ಕೇ ಗಾಡಿಯ ಆಯುಷ್ಯ ಎಂಬುದು ನನ್ನ ವಾದ.

ಕೊಳವೆ ಬಂದದ್ದು ರೇಸಿನಿಂದ. 1974ರಿಂದ 1978ರವರೆಗೆ ಬಂದ ಫೋರ್ಡ್ ಮಸ್ಟಾಂಗ್ 2ರ ಮುಂಭಾಗವನ್ನು ಅಮೆರಿಕದ ಹಾಟ್ ರಾಡ್ ಕಟ್ಟುವವರು ಗುಜರಿಯಿಂದ ತಂದು ಹಳೆಯ ಕಾರುಗಳಿಗೆ ಸೇರಿಸತೊಡಗಿದರು. ಆಮೇಲೆ ಅದರ ನಕಲುಗಳೇ ಕಿಟ್ಟುಗಳಾಗಿ ಅಂಗಡಿಗೆ ಬಂದವು. 1979ರ ನಂತರದ ಮಸ್ಟಾಂಗ್‌ಗಳಿಗೆ ಕೊಳವೆಯ ತೊಲೆ ಹಾಕಿ ಹತ್ತು ಕಿಲೋ ಆಸುಪಾಸು ಇಳಿಸುವುದು ಡ್ರ್ಯಾಗ್ ರೇಸಿನವರ ಚಾಳಿಯಾಯಿತು. ಅವರ ಓಟ ಎಷ್ಟು ದೂರದ್ದು? 402 ಮೀಟರ್, ಅದೂ ಕನ್ನಡಿಯಂಥ ನೆಲದ ಮೇಲೆ. ರೇಸು ಮುಗಿದ ಮೇಲೆ ಬೆಸುಗೆಗಳನ್ನು ತಡವಿ ನೋಡಲು ಜನವಿರುತ್ತಾರೆ. ಹಾಲಿನ ಕ್ಯಾನು ಹೇರಿಕೊಂಡು ದಿನಾ ಎರಡು ಸಲ ಘಟ್ಟ ಹತ್ತುವ ಗಾಡಿಗೆ ಆ ಭಾಗ್ಯವಿಲ್ಲ.

ಕೊಳವೆಯನ್ನು ಹೀಗಳೆಯುತ್ತಿಲ್ಲ. ತಿರುಚುವ ಬಲಕ್ಕೆ ಅದರಷ್ಟು ಗಟ್ಟಿಯಾದ ಆಕಾರ ಇನ್ನೊಂದಿಲ್ಲ. 50 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಕೊಳವೆಯನ್ನು ಉದ್ದಕ್ಕೆ ಒಂದು ಗೀರು ಸೀಳಿದರೆ ಸಾಕು, ತಿರುಚನ್ನು ತಡೆಯುವ ಬಿಗಿತ ನಾನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ನಡುಗೊಳವೆ ಮುರಿಯುವುದು ಅಪರೂಪ. ಬಿರುಕು ಹುಟ್ಟುವುದು ಕೊಳವೆಗೆ ಬ್ರಾಕೆಟ್ ಅಂಟುವ ಬೆಸುಗೆಯ ಅಂಚಿನಲ್ಲಿ, ಅದರಲ್ಲೂ ಕೆಳತೋಳಿನ ಹಿಂದಿನ ಬುಡದಲ್ಲಿ.

ಉಕ್ಕಿಗೆ ದಣಿವಿದೆ ಎಂದು ಲೆಕ್ಕ ಹಾಕಿ ತೋರಿಸಿದವನು ಜರ್ಮನಿಯ ಆಗಸ್ಟ್ ವೋಲರ್. ಮುರಿಯುತ್ತಿದ್ದ ರೈಲಿನ ಆಕ್ಸಲ್‌ಗಳನ್ನು ವರ್ಷಗಟ್ಟಲೆ ತಿರುಗಿಸಿ ಪರೀಕ್ಷಿಸಿದ. ಒಂದು ಸಲದ ಹೊಡೆತಕ್ಕೆ ಜಗ್ಗದ ಉಕ್ಕು ಅದಕ್ಕಿಂತ ಎಷ್ಟೋ ಸಣ್ಣ ಹೊಡೆತ ಲಕ್ಷಾಂತರ ಸಲ ಬಿದ್ದರೆ ಮುರಿಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ವಿಮಾನದ ಭಾಗಗಳಿಗೆ ದಶಕಗಳಿಂದ ನಡೆಸುತ್ತ ಬಂದದ್ದೂ ಇದೇ ದಣಿವಿನ ಪರೀಕ್ಷೆಯನ್ನು. ಬೆಸುಗೆಯ ಲೆಕ್ಕವಂತೂ ಇನ್ನೂ ಕಠಿಣ: ಒತ್ತಡ ಇಮ್ಮಡಿಯಾದರೆ ಆಯುಷ್ಯ ಎಂಟರಲ್ಲೊಂದು ಪಾಲು.

ಇಲ್ಲಿ ಜಾಹೀರಾತಿನ ಒಂದು ಮಾತಿಗೆ ತಡೆ ಹಾಕಬೇಕು. ‘ಕ್ರೋಮೋಲಿ ಉಕ್ಕು, ಎರಡು ಪಟ್ಟು ಗಟ್ಟಿ’ ಎನ್ನುತ್ತಾರೆ. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಆ ಉಕ್ಕು ಗಟ್ಟಿಯೇ ಹೌದು. ಆದರೆ ಬೆಸೆದ ಜಾಗದ ದಣಿವಿನ ಆಯುಷ್ಯಕ್ಕೂ ಉಕ್ಕಿನ ಗಟ್ಟಿತನಕ್ಕೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲ. ಬೆಸುಗೆಯ ಅಂಚಿನ ಸಣ್ಣ ಕಚ್ಚು ಎರಡು ಉಕ್ಕಿನಲ್ಲೂ ಒಂದೇ. ಗಟ್ಟಿ ಎಂದು ನಂಬಿ ಗೋಡೆಯನ್ನು ತೆಳ್ಳಗೆ ಮಾಡಿದರೆ ಒತ್ತಡ ಏರಿ, ಸಾದಾ ಉಕ್ಕಿನ ದಪ್ಪ ಕೊಳವೆಗಿಂತ ಅದು ಮೊದಲೇ ಸೋಲುತ್ತದೆ.

ಮಲೆನಾಡು ಇದಕ್ಕೆ ತನ್ನ ಕಾಣಿಕೆ ಸೇರಿಸುತ್ತದೆ: ತುಕ್ಕು. ಹಳೆಯ ಜೀಪಿನ ತೆರೆದ ಪಟ್ಟಿ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಕೊಳವೆ ರೋಗ ಮುಚ್ಚಿಡುವ ಜಾತಿ. ಬೋಲ್ಟಿನ ತೂತಿನಿಂದ ಕೆಸರುನೀರು ಒಳಗಿಳಿದು ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲೇ ಕೂರುತ್ತದೆ, ಹೊರಗೆ ಪೌಡರ್ ಬಣ್ಣ ಮಿರಿಮಿರಿ ಮಿಂಚುತ್ತಿರುತ್ತದೆ. 2 ಮಿಲಿಮೀಟರ್ ಗೋಡೆಯಲ್ಲಿ ಅರ್ಧ ಮಿಲಿಮೀಟರ್ ಸವೆದರೆ ಒತ್ತಡ ಮೂರನೇ ಒಂದು ಪಾಲು ಏರುತ್ತದೆ, ಬೆಸುಗೆಯ ಉಳಿದ ಆಯುಷ್ಯ ಅರ್ಧಕ್ಕಿಂತ ಕೆಳಗೆ ಬರುತ್ತದೆ.

ನಮ್ಮ ಕಡೆ ಈ ಗೀಳಿಗೆ ಗಾಳಿ ಹಾಕಿದ್ದು ಮಹೀಂದ್ರಾದ ಥಾರ್. 2010ರ ಥಾರ್‌ನ ಒಂದು ಮಾದರಿಯಲ್ಲೇ ಮುಂದಿನ ಗಟ್ಟಿ ಆಕ್ಸಲ್ ಹೋಗಿ, ತಿರುಚುವ ಸರಳೇ ಸ್ಪ್ರಿಂಗಾಗುವ ಟಾರ್ಷನ್ ಬಾರ್ ಬಂತು. 2020ರ ಥಾರ್ ವಿಷ್‌ಬೋನ್ ಎಂಬ ಕವಲುತೋಳಿಗೆ ಕಾಯಿಲ್ ಸ್ಪ್ರಿಂಗ್ ಸೇರಿಸಿತು. ಎತ್ತರಿಸುವ ಕಿಟ್ಟು, ದೊಡ್ಡ ಟೈರು ಹಾಕಿದಂತೆಲ್ಲ ತೋಳಿನ ಕೋನ ಬದಲಾಗಿ ಬುಡದ ಬ್ರಾಕೆಟ್ಟಿಗೆ ಹೊರೆ ಏರುತ್ತದೆ. ರ‍್ಯಾಲಿಯವರನ್ನು ನೋಡಿ ಕಲಿಯುವುದಾದರೆ, ಮೂಲ ತೊಲೆಯನ್ನು ಉಳಿಸಿಕೊಂಡು ಅದರ ಜೋಡಣೆಗಳಿಗೆ ಬೆಸುಗೆ ತುಂಬುವುದು, ಮೂಲೆಗಳಿಗೆ ತ್ರಿಕೋನದ ತಗಡು ಕೊಡುವುದು, ಅಡಿಗೆ ಗಾರ್ಡ್ ಹಾಕುವುದು ಅವರ ಹಳೆಯ ರೂಢಿ. ಬಲ ಸೇರಿಸಿದ ಮೇಲೆ ಉಳಿದರೆ ತೂಕದ ಯೋಚನೆ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರದಿಂದ ಗಾಡಿಯನ್ನು ಬದಲಿಸಲು ಬಿಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡನ್ನೂ ಇಟ್ಟಿದೆ. ಖಾಸಗಿ ರೇಸ್ ಅಂಗಳಕ್ಕೆ ಕಟ್ಟಿದ ಗಾಡಿ ಹೊಂಗಡಹಳ್ಳದ ಡಾಂಬರಿಗೆ ಬರುವಂತಿಲ್ಲ.

ಆದರೂ ಈಗಾಗಲೇ ಹಾಕಿಸಿಕೊಂಡವರು ಇದ್ದಾರೆ, ಅವರಿಗೊಂದು ಮಾತು. ಮಳೆ ನಿಂತ ಕೂಡಲೇ ಗಾಡಿಯನ್ನು ಪಿಟ್ಟಿನ ಮೇಲೆ ನಿಲ್ಲಿಸಿ ಅಡಿಯನ್ನು ಚೆನ್ನಾಗಿ ತೊಳೆಸಿ, ಒಣಗಿಸಿ. ತೋಳಿನ ನಾಲ್ಕೂ ಬುಡಗಳ ಬೆಸುಗೆಯನ್ನು ಟಾರ್ಚು ಹಿಡಿದು ನೋಡಿ. ಕೊಳವೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸದ್ದು ಒಂದು ಕಡೆ ಮಂದವಾಗಿದ್ದರೆ ಅಲ್ಲಿ ನೀರೋ ತುಕ್ಕೋ ಇರಬಹುದು. ಬಣ್ಣದ ಮೇಲೆ ಕೂದಲೆಳೆಯಂಥ ಕಂದು ಗೆರೆ ಕಂಡರೆ ಅದರ ಮೇಲೆ ಇನ್ನೊಂದು ಬೆಸುಗೆ ಎಳೆಸಬೇಡಿ. ಕಂಪನಿಯ ಹಳೆಯ ತೊಲೆಯನ್ನು ಗುಜರಿಗೆ ಹಾಕಿರದಿದ್ದರೆ ಅದನ್ನೇ ಮತ್ತೆ ಕೂರಿಸಿ.