ಕೌಶಲಗಳ ಎಣಿಕೆ: ಹತ್ತೋ, ಐದೋ, ಮೂರೋ?

ಹಿರೇಕೆರೂರು ಸೀಮೆಯ ಅಬಲೂರಿನೊಂದಿಗೆ ಹೆಸರು ಬೆಸೆದುಕೊಂಡ ಸರ್ವಜ್ಞನ ತ್ರಿಪದಿಗಳು ನಿಮಗೆ ಗೊತ್ತು. ಚದುರಿಹೋಗಿದ್ದ ಅವನ್ನು ಉತ್ತಂಗಿ ಚನ್ನಪ್ಪನವರು ಕಲೆಹಾಕಿ, ವಿಷಯವಾರು ವಿಂಗಡಿಸಿ 1924ರಲ್ಲಿ ಪ್ರಕಟಿಸಿದರು. ನುಡಿ ಸರ್ವಜ್ಞನದು, ವಿಂಗಡಣೆ ಮಾತ್ರ ಸಂಪಾದಕರದು.

ಮಕ್ಕಳ ಸಾಮಾಜಿಕ, ಭಾವನಾತ್ಮಕ ಕೌಶಲಗಳ ಪಟ್ಟಿಗಳೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಹತ್ತು ಜೀವನ ಕೌಶಲಗಳನ್ನು ಹೆಸರಿಸಿತು. ಅಲ್ಲಿ ಭಾವನೆಗಳ ನಿಭಾವಣೆ ಬೇರೆ, ಒತ್ತಡದ ನಿಭಾವಣೆ ಬೇರೆ. ಅಮೆರಿಕದಲ್ಲಿ 1994ರಲ್ಲಿ ಸ್ಥಾಪನೆಯಾದ ಕ್ಯಾಸೆಲ್ ಸಂಸ್ಥೆಯ ಚೌಕಟ್ಟಿನಲ್ಲಿರುವುದು ಐದೇ ಗುಂಪು. ಇವೆರಡೂ ಸ್ವನಿರ್ವಹಣೆಯಲ್ಲಿ ಸೇರಿಹೋಗುತ್ತವೆ. ಸಿಬಿಎಸ್‌ಇ 2009ರಿಂದ 2017ರವರೆಗಿನ ನಿರಂತರ ಮೌಲ್ಯಮಾಪನದಲ್ಲಿ ಚಿಂತನ, ಸಾಮಾಜಿಕ, ಭಾವನಾತ್ಮಕ ಎಂದು ಮೂರಾಗಿಸಿ ಶ್ರೇಣಿಯನ್ನೂ ಕೊಡಿಸಿತು. ತೊಡಕು ಇರುವುದು ಇಲ್ಲಿಯೇ.

ಪರೀಕ್ಷೆಗೆ ಹೆದರಿ ಗೆಳೆಯನ ಮೇಲೆ ರೇಗಿದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಗೆಳೆತನದ ಮಾತು ಬಿಟ್ಟರೂ, ಹತ್ತರ ಪಟ್ಟಿ ಹಿಡಿದು ಶ್ರೇಣಿ ಕೊಟ್ಟರೆ ಅವನು ಎರಡು ಕಡೆ ಹಿಂದೆ ಬೀಳುತ್ತಾನೆ, ಐದರಲ್ಲಿ ಒಂದೇ ಕಡೆ.