ಷರಾ

ಶಾಲೆಯಲ್ಲಿ 'ಷರಾ' ಎಂಬ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಮಕ್ಕಳ ವಹಿಯಲ್ಲಿ ಷರಾ, ಪ್ರಗತಿಪತ್ರದಲ್ಲಿ ಷರಾ, ತಪಾಸಣೆಗೆ ಸಾಹೇಬರು ಬಂದರೆ ನಮ್ಮ ಮೇಲೂ ಷರಾ. ಹಲವು ವರ್ಷಗಳ ಹಿಂದೆ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು 'ನಮ್ಮೂರ ಜಾತ್ರೆ' ಎಂದು ನಿಬಂಧ ಬರೆದಿದ್ದಳು. ತಾಯಿ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವಳು. ನಾನು ಕೆಂಪು ಶಾಯಿಯಲ್ಲಿ 'ಅಕ್ಷರ ಹೊಲಸು, ವಿಷಯ ಸಾಲದು' ಎಂದು ಬರೆದುಕೊಟ್ಟೆ. ಮುಂದೆ ಮೂರು ವಾರ ಆ ಹುಡುಗಿ ವಹಿಯನ್ನೇ ತರಲಿಲ್ಲ. ಕೇಳಿದರೆ ತಲೆ ತಗ್ಗಿಸಿ, "ನನಗ ಬರಿಯಾಕ ಬರಂಗಿಲ್ಲರಿ ಅಕ್ಕಾರ" ಎಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಿಕ್ಕಂದಿನಲ್ಲಿ ರಾಯಬಾಗದ ಕಡೆಯ ಜಾತ್ರೆಯೊಂದರಲ್ಲಿ ಅಜ್ಜಿಯ ಮಗ್ಗುಲಲ್ಲಿ ಕುಳಿತು ಕೇಳಿದ ಹರದೇಶಿ-ನಾಗೇಶಿ ಹಾಡಿಕೆ ನೆನಪಾಯಿತು.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೀಮೆಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಹರದೇಶಿ ಗಂಡಿನ ಪಕ್ಷ, ಶಿವ ಹೆಚ್ಚೆನ್ನುತ್ತದೆ. ನಾಗೇಶಿ ಹೆಣ್ಣಿನ ಪಕ್ಷ, ಶಕ್ತಿ ಹೆಚ್ಚೆನ್ನುತ್ತದೆ. ಗಡಿಯಾಚೆ ಮರಾಠಿಯಲ್ಲಿ ಇದೇ ಜಗಳಕ್ಕೆ ಕಲ್ಗಿ-ತುರಾ ಎಂದು ಹೆಸರು. ಡಪ್ಪು, ತುಂತುಣಿ, ತಾಳ ಇಷ್ಟಿದ್ದರೆ ಸಾಕು, ಬೆಳ್ಳಬೆಳಗಿನ ತನಕ ಸವಾಲು-ಜವಾಬು ನಡೆಯುತ್ತದೆ. ಬೀಜವಿಲ್ಲದೆ ಬೆಳೆ ಎಲ್ಲಿಯದು ಎಂದು ಇವರು ಕೇಳಿದರೆ, ಹೊಲವಿಲ್ಲದೆ ಬೀಜವನ್ನು ಎಲ್ಲಿ ಊರುತ್ತೀರಿ ಎಂದು ಅವರು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದರು, 1933ರಲ್ಲಿ 'ಜೀವನ ಸಂಗೀತ'ದಲ್ಲಿ ಲಾವಣಿಗಳನ್ನು ಅಚ್ಚು ಹಾಕಿಸಿದರು. ಓದು ಬಾರದವರ ಬಾಯಿಯ ಮಾತು ಪುಸ್ತಕವಾದದ್ದು ಹಾಗೆ.

ಅಂದು ನಾನು ಕಂಡದ್ದು ಹಾಡಿಗಿಂತ ಹೆಚ್ಚಾಗಿ ಅದರ ರೀತಿ. ಹರದೇಶಿಯವರು ಹಾಡುವಾಗ ನಾಗೇಶಿಯ ಹೆಣ್ಣುಮಗಳು ಡಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕಡೆಯ ನುಡಿಯ ತನಕ ಕೇಳಿದಳು. ಎದ್ದವಳು ಮೊದಲು ಎದುರಾಳಿಯ ಪ್ರಶ್ನೆಗೆ ಉತ್ತರ ಕೊಟ್ಟಳು, ಆಮೇಲೆ ತನ್ನ ಪ್ರಶ್ನೆ ಹಾಕಿದಳು. ಮಂದಿಯೊಳಗಿಂದ ಯಾವನೋ ಅವಳ ಸೀರೆಯ ಮೇಲೆ ಹಗುರ ಮಾತಾಡಿದ. ಹರದೇಶಿಯ ಮುದುಕನೇ ಹಾಡು ನಿಲ್ಲಿಸಿ, "ಪದಕ್ಕ ಪದ ಇದ್ರ ಹೇಳೊ ತಮ್ಮಾ, ಇಲ್ಲಂದ್ರ ಸುಮ್ಕ ಕೂಡು" ಎಂದ. ಇಡೀ ರಾತ್ರಿ ಅವಳನ್ನು ಸೋಲಿಸಲು ಹೊರಟವನು ಅವಳ ಮರ್ಯಾದೆಯನ್ನೂ ಕಾಯ್ದ. "ಇಬ್ರೂ ಕೂಡಿ ಹಾಡಿದ್ರನ ಹಾಡಿಕಿ" ಎಂದಳು ಅಜ್ಜಿ. ಎದುರು ಮೇಳ ಎದ್ದು ಹೋದರೆ ಗೆದ್ದ ಮೇಳಕ್ಕೂ ಕೆಲಸವಿಲ್ಲ.

ನಮ್ಮಲ್ಲಿ ಇದು ಹೊಸದೇನಲ್ಲ. 12ನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚಿಗೆ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದಳು. ಗಂಡನ ಆಸೆಯನ್ನು ತಿದ್ದಿದಳು, ಗಂಡನನ್ನು ಹೀನಾಯ ಮಾಡಲಿಲ್ಲ. ಅವನೂ ಹೋಗಿ ಸುರಿದು ಬಂದ. ಆ ಮಾತು ಇಂದಿಗೂ ಉಳಿದಿರುವುದು ಹೇಳುವವಳೂ ಕೇಳುವವನೂ ಇಬ್ಬರೂ ಇದ್ದುದರಿಂದ.

ನಾನೋ, ಹುಡುಗಿಯ ಹಾಡನ್ನು ಕಡೆಯ ತನಕ ಕೇಳಿಯೇ ಇರಲಿಲ್ಲ. ನಲವತ್ತು ವಹಿಗಳ ರಾಶಿಯಲ್ಲಿ ಅವಳದೂ ಒಂದಾಗಿತ್ತು. ಮರುದಿನ ವಹಿ ತರಿಸಿ ಮತ್ತೆ ಓದಿದೆ. ನಡುವೆ ಒಂದು ವಾಕ್ಯ: ವರ್ಷಕ್ಕೊಮ್ಮೆ ಜಾತ್ರೆಯ ದಿನ ಮಾತ್ರ ಅವ್ವ ತನ್ನ ಕೈಗೆ ಬಳೆ ಇಡಿಸಿಕೊಳ್ಳುತ್ತಾಳೆ. ಹಳೆಯ ಷರಾವನ್ನು ಹೊಡೆದುಹಾಕಿ, 'ನಿಮ್ಮವ್ವ ಯಾವ ಬಣ್ಣದ ಬಳೆ ಆರಿಸಿದಳು? ಬಳೆಗಾರ ಏನೆಂದ?' ಎಂದು ಬರೆದೆ.

ಸೋಮವಾರ ಎರಡು ಪುಟ ತುಂಬ ಉತ್ತರ ಬಂತು. ಹಸಿರು ಬಳೆ, ಎರಡು ಡಜನ್ನು, ಒಂದು ಒಡೆದದ್ದಕ್ಕೆ ಬಳೆಗಾರ ದುಡ್ಡು ಹಿಡಿಯಲಿಲ್ಲವಂತೆ. ಅಕ್ಷರ ಮೊದಲಿನಷ್ಟೇ ಹೊಲಸಾಗಿತ್ತು. ಅದನ್ನು ತಿದ್ದಲು ಇಡೀ ವರ್ಷ ಇತ್ತು.