ನಕ್ಷೆಯ ಬೀಗದ ಕೈ ಯಾರ ಬಳಿ?



ಒಂದು ಸೇತುವೆ ನೂರು ವರ್ಷ ಬಾಳಬಹುದು. ಅದರಲ್ಲಿ ಬಿರುಕು ಕಂಡ ದಿನ ಎಂಜಿನಿಯರು ಮೊದಲು ಹುಡುಕುವುದು ಅದರ ನಕ್ಷೆಯನ್ನು. ಕಾಗದದ ನಕ್ಷೆಯಾದರೆ ಸುರುಳಿ ಬಿಚ್ಚಿ ನೋಡಿದರಾಯಿತು. ಗಣಕಯಂತ್ರದಲ್ಲಿ ರಚಿಸಿದ ನಕ್ಷೆ ಹಾಗಲ್ಲ. ಅದನ್ನು ಓದಬಲ್ಲ ತಂತ್ರಾಂಶವಿಲ್ಲದಿದ್ದರೆ ಅದು ಬರಿಯ ಅಂಕಿಗಳ ರಾಶಿ. ಹಾಗಾದರೆ ಆ ನಕ್ಷೆ ನಿಜವಾಗಿ ಯಾರದು? ಬರೆದವರದೋ, ತಂತ್ರಾಂಶ ಮಾರಿದವರದೋ? ಈ ಪ್ರಶ್ನೆಗೆ ನಾಲ್ಕು ದಶಕಗಳ ಚರಿತ್ರೆಯಿದೆ.

1982ರಲ್ಲಿ ಅಮೆರಿಕದಲ್ಲಿ ಜಾನ್ ವಾಕರ್ ಮತ್ತು ಸಂಗಡಿಗರು ಆಟೋಡೆಸ್ಕ್ ಕಂಪನಿಯನ್ನು ಆರಂಭಿಸಿದರು. ಮೈಕ್ ರಿಡಲ್ ಎಂಬವರು ಅದಕ್ಕೂ ಮೊದಲೇ ಬರೆದಿದ್ದ ‘ಇಂಟರಾಕ್ಟ್’ ಎಂಬ ತಂತ್ರಾಂಶವನ್ನು ಆಧರಿಸಿ ‘ಆಟೋಕ್ಯಾಡ್’ ರೂಪುಗೊಂಡಿತು. ದುಬಾರಿ ಯಂತ್ರಗಳಲ್ಲಿ ನಡೆಯುತ್ತಿದ್ದ ನಕ್ಷೆಯ ಕೆಲಸವನ್ನು ಅದು ಮೇಜಿನ ಮೇಲಿನ ಗಣಕಕ್ಕೆ ತಂದಿತು. ಅದರ ಕಡತಗಳ ರೂಪವೇ ‘ಡಿಡಬ್ಲ್ಯುಜಿ’. ಈ ರೂಪದ ಒಳರಚನೆಯನ್ನು ಕಂಪನಿ ಪ್ರಕಟಿಸಲಿಲ್ಲ. ಇತರ ತಂತ್ರಾಂಶಗಳೊಡನೆ ವಿನಿಮಯಕ್ಕೆಂದು ‘ಡಿಎಕ್ಸ್‌ಎಫ್’ ಎಂಬ ಇನ್ನೊಂದು ರೂಪವನ್ನು ಕೊಟ್ಟು, ಅದರ ವಿವರವನ್ನು ಮಾತ್ರ ಬಹಿರಂಗಪಡಿಸಿತು. ಆದರೆ ಕಚೇರಿಗಳ ನಿತ್ಯದ ಕೆಲಸ ಡಿಡಬ್ಲ್ಯುಜಿಯಲ್ಲೇ ಉಳಿಯಿತು.

ಮುಚ್ಚಿದ ರೂಪವನ್ನು ಹೊರಗಿನವರು ಓದುವುದು ಹೇಗೆ? ಒಂದು ಗೆರೆ ಎಳೆದು ಕಡತವನ್ನು ಉಳಿಸಿ. ಗೆರೆಯ ಉದ್ದವನ್ನಷ್ಟೇ ಬದಲಿಸಿ ಮತ್ತೆ ಉಳಿಸಿ. ಎರಡನ್ನೂ ಹೋಲಿಸಿದರೆ, ಉದ್ದ ಎಲ್ಲಿ ಅಡಗಿದೆಯೆಂದು ತಿಳಿಯುತ್ತದೆ. ಹೀಗೆ ಸಾವಿರಾರು ಸಲ ಮಾಡಬೇಕು! ಅಷ್ಟರಲ್ಲಿ ಹೊಸ ಆವೃತ್ತಿ ಬಂದು ರಚನೆಯೇ ಬದಲಾಗಿರುತ್ತದೆ. ಕಡತದ ಮೊದಲ ಆರು ಅಕ್ಷರಗಳು ಈ ಬದಲಾವಣೆಗೆ ಸಾಕ್ಷಿ: ಆಟೋಕ್ಯಾಡ್ 2000ರ ಕಡತದಲ್ಲಿ ‘ಎಸಿ1015’ ಎಂದಿದ್ದರೆ, 2018ರ ರೂಪದಲ್ಲಿ ‘ಎಸಿ1032’ ಎಂದಿದೆ.

1998ರಲ್ಲಿ ಹಲವು ಸಂಸ್ಥೆಗಳು ಸೇರಿ ‘ಓಪನ್‌ಡಿಡಬ್ಲ್ಯುಜಿ ಅಲಯನ್ಸ್’ ಕಟ್ಟಿದವು. ಇದೇ ಮುಂದೆ ‘ಓಪನ್ ಡಿಸೈನ್ ಅಲಯನ್ಸ್’ ಆಯಿತು. ತಾನು ಕಂಡುಕೊಂಡ ರಚನೆಯ ವಿವರವನ್ನು ಅದು ಎಲ್ಲರಿಗೂ ಪ್ರಕಟಿಸಿತು. ತನ್ನ ತಂತ್ರಾಂಶದ ಮೂಲಪಾಠವನ್ನು ಮಾತ್ರ ಎಲ್ಲರಿಗೂ ಬಿಟ್ಟುಕೊಡಲಿಲ್ಲ. ಆಟೋಡೆಸ್ಕ್ ತನ್ನ ಕಡತಗಳಲ್ಲಿ ‘ನಂಬಲರ್ಹ’ ಎಂಬ ಗುರುತನ್ನು ಸೇರಿಸಿದಾಗ, ಅಲಯನ್ಸ್ ಅದನ್ನೂ ಅನುಕರಿಸಿತು. 2006ರಲ್ಲಿ ವಿಷಯ ನ್ಯಾಯಾಲಯಕ್ಕೆ ಹೋಯಿತು. 2007ರಲ್ಲಿ ರಾಜಿಯಾಗಿ, ಅಲಯನ್ಸ್ ಆ ಗುರುತನ್ನು ಕೈಬಿಟ್ಟಿತು.

2009ರಲ್ಲಿ ಗ್ನೂ ಯೋಜನೆಯ ಅಡಿಯಲ್ಲಿ ‘ಲಿಬ್ರೆಡಿಡಬ್ಲ್ಯುಜಿ’ ಆರಂಭವಾಯಿತು. ಇದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ಇಲ್ಲೊಂದು ವಿಪರ್ಯಾಸ ಎದುರಾಯಿತು. ಇದರ ಪರವಾನಗಿ ಜಿಪಿಎಲ್ ಮೂರನೆಯ ಆವೃತ್ತಿ. ‘ಲಿಬ್ರೆಕ್ಯಾಡ್’ ಎಂಬ ಮುಕ್ತ ತಂತ್ರಾಂಶಕ್ಕೆ ಬಳುವಳಿಯಾಗಿ ಬಂದದ್ದು ಎರಡನೆಯ ಆವೃತ್ತಿ. ಇವೆರಡನ್ನು ಬೆಸೆಯಲು ಕಾನೂನು ಅಡ್ಡಬಂತು. ಒಂದೇ ಧ್ಯೇಯದವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಬಳಸಲಾರದೆ ಹೋದರು! ಲಿಬ್ರೆಕ್ಯಾಡ್ ಬಳಗ ‘ಲಿಬ್‌ಡಿಎಕ್ಸ್‌ಎಫ್‌ಆರ್‌ಡಬ್ಲ್ಯು’ ಎಂಬ ಬೇರೆಯದನ್ನೇ ಬರೆದುಕೊಂಡಿತು. ‘ಫ್ರೀಕ್ಯಾಡ್’ ತಂತ್ರಾಂಶವು ಪ್ರತ್ಯೇಕ ಪರಿವರ್ತಕದ ನೆರವಿನಿಂದ ಡಿಡಬ್ಲ್ಯುಜಿಯನ್ನು ಡಿಎಕ್ಸ್‌ಎಫ್‌ಗೆ ಬದಲಿಸಿ ಓದುವ ದಾರಿ ಹಿಡಿಯಿತು.

ಈ ಚರಿತ್ರೆಯಿಂದ ನಾವು ಕಲಿಯುವುದೇನು? ಕಂಪನಿ ತನ್ನ ಶ್ರಮದ ಫಲವನ್ನು ಕಾಯ್ದುಕೊಳ್ಳುವುದು ತಪ್ಪಲ್ಲ. ಆದರೆ ನಕ್ಷೆಯಲ್ಲಿರುವುದು ಅದನ್ನು ರಚಿಸಿದವನ ಶ್ರಮವೂ ಹೌದು. ನಾಳೆ ನೀವು ಪಾಲಿಟೆಕ್ನಿಕ್‌ನಲ್ಲೋ ಎಂಜಿನಿಯರಿಂಗ್ ಕಾಲೇಜಿನಲ್ಲೋ ನಕ್ಷೆ ಬರೆಯುವಾಗ, ಅದರ ಡಿಎಕ್ಸ್‌ಎಫ್ ಪ್ರತಿಯೊಂದನ್ನೂ ತೆಗೆದಿಡಿ. ಬೇರೊಂದು ತಂತ್ರಾಂಶದಲ್ಲಿ ತೆರೆದು ಅಳತೆಗಳು ಸರಿಯಾಗಿವೆಯೇ ಎಂದು ನೋಡಿ. ನೀವು ಕಟ್ಟಿದ ಸೇತುವೆಯನ್ನು ಮುಂದೊಂದು ದಿನ ದುರಸ್ತಿ ಮಾಡುವವರು ನಿಮ್ಮ ಮೊಮ್ಮಕ್ಕಳ ಕಾಲದವರು. ಅವರಿಗೆ ನಕ್ಷೆಯ ಜೊತೆಗೆ ಅದರ ಬೀಗದ ಕೈಯೂ ಸಿಗಬೇಕಲ್ಲವೇ?